ಟಿಯರ್‌ಡ್ರಾಪ್ ಕ್ಯಾಂಪಿಂಗ್ ಟ್ರೇಲರ್: ಒಳಗೆ ಅರಮನೆ, ಮುಂದಿನ ಜಾಕಿ ವೀಲ್‌ಗೆ ದೇವ್ರೇ ಗತಿ

ಕಾರಿನ ಹಿಂದೆ ಕಟ್ಟಿ ಎಳೆಯೋ, ಒಳಗೆ ಮಲಗೋ ಈ ಟ್ರೇಲರ್ ನೋಡೋಕೆ ಹೋದ್ರೆ ಮಾರೋರು ಮೊದ್ಲು ತೋರ್ಸೋದೇ ಹಿಂದಿನ ಕಿಚನ್. ಡೋರ್ ಎತ್ತಿದ್ರೆ ಸ್ಟೋವ್, ಸಿಂಕ್, ಡಬ್ಬ ಇಡೋಕೆ ಗೂಡು, ನಮ್ಮನೆಯವ್ರು ಅಲ್ಲೇ ಫ್ಲಾಟ್. ನನ್ನ ಕೇಳಿದ್ರೆ ಕಿಚನ್ ಆಮೇಲೆ ನೋಡಿ, ಮೊದ್ಲು ಮುಂದೆ ಬಂದು ಬಗ್ಗಿ ಆ ಜಾಕಿ ವೀಲ್ (ಕಾರಿಂದ ಬಿಡಿಸಿದಾಗ ಟ್ರೇಲರ್ ಮೂತಿ ಹೊತ್ಕೊಳ್ಳೋ ಚಿಕ್ಕ ಚಕ್ರ), ಅದರ ಪೈಪನ್ನ ಬಿಗಿಯಾಗಿ ಹಿಡಿಯೋ ಕ್ಲಾಂಪ್ ಅಲ್ಲಾಡ್ಸಿ ನೋಡಿ.

ನಮ್ದು ಇಬ್ರು ಮಲಗೋ ಸೈಜು, ಸಾಮಾನೆಲ್ಲಾ ತುಂಬಿದ್ರೆ ಹೆಚ್ಚುಕಮ್ಮಿ 700 ಕೆಜಿ, ಡೀಸೆಲ್ ಸ್ಕಾರ್ಪಿಯೋ ಆರಾಮಾಗಿ ಎಳೆಯತ್ತೆ, ಮೈಲೇಜ್ ಮಾತ್ರ ಹತ್ತರ ಹತ್ರ ಬಂದ್ಬಿಡತ್ತೆ. ಹಾಸಿಗೆ ಸೂಪರ್. ರೂಫ್ ಮೇಲಿನ ಸೋಲಾರ್ ಪ್ಯಾನಲ್ಲು ಫ್ಯಾನು, ಲೈಟು, ಫೋನ್ ಚಾರ್ಜಿಗೆ ಸಾಕು, ಎಸಿ ಕನಸು ಕಾಣ್ಬೇಡಿ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ರಾತ್ರಿಯೆಲ್ಲಾ ಸುರಿದ್ರೂ ಒಂದು ಹನಿ ಒಳಗೆ ಬಂದಿಲ್ಲ, ಆದ್ರೆ ಹಾಸಿಗೆ ಅಡಿ ಪ್ಲೈವುಡ್ ತೇವ ಹಿಡಿಯತ್ತೆ, ವಾಪಸ್ ಬಂದ ತಕ್ಷಣ ಹಾಸಿಗೆ ಎತ್ತಿ ಗಾಳಿಗೆ ಬಿಡ್ಲಿಲ್ಲ ಅಂದ್ರೆ ಬೂಸ್ಟು ಗ್ಯಾರಂಟಿ.

ನೀರಿನ ಟ್ಯಾಂಕನ್ನೂ ಕಿಚನ್ ಜೊತೆ ಹಿಂದೇನೇ ಕೊಟ್ಟಿದಾರೆ, ಇದು ನಂಗೆ ಇವತ್ತಿಗೂ ಇಷ್ಟ ಆಗಿಲ್ಲ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತು ಭಾಗನಾದ್ರೂ ಹಿಚ್ ಬಾಲ್ (ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸೋ ಗುಂಡು) ಮೇಲೆ ಕೂತಿರ್ಬೇಕು, ಇಲ್ಲಾಂದ್ರೆ ಸ್ಪೀಡ್ ಏರ್ತಿದ್ದಂಗೆ ಹಿಂದೆ ಬಾಲ ಆಡೋಕೆ ಶುರು. ಅಪ್ಪ ಊರಲ್ಲಿ ಎತ್ತಿನಗಾಡಿ ಹೊಡೆದೋರು, ಟ್ಯಾಂಕ್ ತುಂಬಿಸೋದು ನೋಡ್ತಿದ್ದಂಗೇ "ಹಿಂಭಾರ ಆಯ್ತಲ್ಲೋ, ಮೂಕಿ ಮೇಲೇಳತ್ತೆ" ಅಂದ್ರು (ಮೂಕಿ ಅಂದ್ರೆ ಗಾಡಿ ಮುಂದೆ ನೊಗ ಕಟ್ಟೋ ಮರ), ಅಷ್ಟೇ ವಿಷ್ಯ. ಅದಕ್ಕೇ ನೀರು ಹೋದ ಜಾಗದಲ್ಲೇ ತುಂಬೋದು, ಕೂಲರ್, ಅಕ್ಕಿ ಚೀಲ ಎಲ್ಲಾ ಮುಂದಕ್ಕೆ.

ಇನ್ನು ಆ ಜಾಕಿ ವೀಲ್ ಕಥೆ. ಮೊನ್ನೆ ಸಕಲೇಶಪುರಕ್ಕೆ ಹೊರಟ್ವಿ, ನೆಲಮಂಗಲ ಟ್ರಾಫಿಕ್ ಶುರುವಾಗೋ ಮುಂಚೆ ದಾಟ್ಬೇಕು ಅಂತ ಕತ್ಲಲ್ಲೇ ರಾಜಾಜಿನಗರ ಬಿಟ್ಟಿದ್ವಿ. ಹಿಚ್ ಲಾಕು, ಸೇಫ್ಟಿ ಚೈನು, ಇಂಡಿಕೇಟರ್ರು ಎಲ್ಲಾ ಚೆಕ್ ಆಗಿತ್ತು, ಜಾಕಿ ವೀಲ್ ಪೂರ್ತಿ ಮೇಲೆತ್ತಿ ಹ್ಯಾಂಡಲ್ ಬಿಗಿ ಮಾಡಿದ್ದೆ. ಕುಣಿಗಲ್ ದಾಟಿ ಯಡಿಯೂರು ಹತ್ರ ಬರ್ತಿದ್ದಂಗೆ ಪಕ್ಕದಲ್ಲಿ ಬೈಕಲ್ಲಿ ಬರ್ತಿದ್ದೋನು ಜೋರಾಗಿ ಕೈ ಬೀಸ್ತಾ ಕೆಳಗಡೆ ತೋರಿಸ್ತಿದಾನೆ, ಕಿಟಕಿ ಇಳಿಸಿದ್ರೆ ಹಿಂದಿಂದ ಕರಕರ ಸೌಂಡು. ಸೈಡಿಗೆ ಹಾಕಿ, ಟ್ರಯಾಂಗಲ್ ಇಟ್ಟು ಬಗ್ಗಿ ನೋಡಿದ್ರೆ ಕ್ಲಾಂಪ್ ಹ್ಯಾಂಡಲ್ ಅದುರಿ ಅದುರಿ ಸಡಿಲ ಆಗಿದೆ, ಪೈಪ್ ಜಾರಿ ಇಳಿದು ಜಾಕಿ ವೀಲ್ ರೋಡ್ ಮೇಲೆ ಉಜ್ಕೊಂಡು ಬಂದಿದೆ. ರಬ್ಬರ್ ಸವೆದು ಒಂದು ಕಡೆ ಚಪ್ಪಟೆ, ಬುಷ್ ಕರಗಿ ಅಂಟ್ಕೊಂಡಿದೆ, ಫೋರ್ಕ್ ಹಿಂದಕ್ಕೆ ಬಾಗಿದೆ. ಟೈರು, ಹಿಚ್ಚಿಗೆ ಏನೂ ಆಗಿಲ್ಲ ಪುಣ್ಯಕ್ಕೆ.

ಚಿಕ್ಕ ಚಕ್ರ ತಾನೇ ಅಂತ ಅನ್ಸತ್ತೆ, ಆದ್ರೆ ಅದಿಲ್ದೆ ಕಾರಿಂದ ಟ್ರೇಲರ್ ಬಿಡಿಸೋದು ಅಂದ್ರೆ ಮುಂದಿನ ಎಪ್ಪತ್ತು ಕೆಜಿ ಕೈಯಲ್ಲೇ ಎತ್ಬೇಕು.

ಅಲ್ಲೇ ಸ್ವಲ್ಪ ಮುಂದೆ ಟ್ರಾಕ್ಟರ್ ಟ್ರೇಲರ್ ಮಾಡೋ ವೆಲ್ಡಿಂಗ್ ಶಾಪ್ ಸಿಕ್ತು. ಯಜಮಾನ್ರು ಒಂದ್ಸಲ ನೋಡಿ "ಇದಕ್ಕೆ ಪಿನ್ನೇ ಇಲ್ವಲ್ಲ ಸಾರ್, ಬರೀ ಬಿಗಿ ಮೇಲೆ ನಂಬ್ಕೊಂಡು ಓಡ್ಸೋದಾ" ಅಂದ್ರು. ಫೋರ್ಕ್ ಬಿಸಿ ಮಾಡಿ ಸುತ್ತಿಗೇಲಿ ನೆಟ್ಟಗೆ ಮಾಡಿದ್ರು, ಆಮೇಲೆ ಕ್ಲಾಂಪ್ ಪೈಪ್ ಎರಡಕ್ಕೂ ಸೇರ್ಸಿ ಒಂದು ತೂತು ಕೊರೆದು ಟ್ರಾಕ್ಟರ್ ಪಿನ್ ತೂರ್ಸಿ ಕ್ಲಿಪ್ ಹಾಕಿದ್ರು. ಈಗ ಹ್ಯಾಂಡಲ್ ಪೂರ್ತಿ ಲೂಸ್ ಆದ್ರೂ ಪೈಪ್ ಇಳಿಯಲ್ಲ. ಕೊಟ್ಟಿದ್ದು ಮುನ್ನೂರು ರೂಪಾಯಿ, ಟೀ ಅವ್ರೇ ಕುಡಿಸಿದ್ರು. ಆ ರಾತ್ರಿ ಎಸ್ಟೇಟಲ್ಲಿ ಬಿಡಿಸೋ ಗೋಜಿಗೇ ಹೋಗ್ಲಿಲ್ಲ, ಕಾರಿಗೆ ಸಿಕ್ಕಿಸ್ಕೊಂಡೇ ಮಲಗಿದ್ವಿ, ಹೊಸ ಚಕ್ರ ವಾಪಸ್ ಬಂದ್ಮೇಲೆ ಎಸ್‌ಪಿ ರೋಡಲ್ಲಿ ಸಿಕ್ತು.

ಕಂಪನಿಗೆ ಫೋಟೋ ಕಳಿಸಿದೆ. "ಹೊಸ ಮಾಡೆಲಲ್ಲಿ ಲಾಕ್ ಪಿನ್ ಬರತ್ತೆ ಸಾರ್" ಅಂತೆ. ಹಳೇ ಗಿರಾಕಿಗಳಿಗೆ? ಕೊರಿಯರ್ ಚಾರ್ಜ್ ಸೇರ್ಸಿ ಕೊಟೇಶನ್ ಬಂತು, ಅಷ್ಟು ದುಡ್ಡಲ್ಲಿ ಆ ಯಜಮಾನ್ರು ಇನ್ನೊಂದು ಜಾಕಿ ವೀಲೇ ಮಾಡ್ಕೊಡ್ತಿದ್ರು. ಬಾಡಿ, ಆಕ್ಸಲ್, ಸೀಲಿಂಗ್ ಎಲ್ಲಾ ಇಷ್ಟು ನೀಟಾಗಿ ಮಾಡೋರು ಒಂದು ಪಿನ್ನಿಗೆ ಜಿಪುಣತನ ಮಾಡಿದ್ದು ಯಾಕೋ ಗೊತ್ತಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್ ಕೊಡ್ತೀನಿ. ತಗೊಳ್ಳೋ ಪ್ಲಾನ್ ಇದ್ರೆ ಇನ್ನೆರಡು ಮಾತು: ಟ್ರೇಲರ್‌ಗೂ ಆರ್‌ಟಿಓ ರಿಜಿಸ್ಟ್ರೇಶನ್ ಆಗಿ ಅದರದ್ದೇ ನಂಬರ್ ಇರ್ಬೇಕು, ಪೇಪರ್ ಕೇಳಿ ತಗೊಳ್ಳಿ. ಇನ್ನೊಂದು, ದುಡ್ಡು ಕಟ್ಟೋ ಮುಂಚೆ ಒಂದು ವೀಕೆಂಡ್ ಬಾಡಿಗೆಗೆ ತಂದು ನಿಮ್ಮ ಗೇಟೊಳಗೆ ರಿವರ್ಸ್ ಹಾಕಿ ನೋಡಿ, ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ರೆ ಅದು ಬಲಕ್ಕೆ ಹೋಗತ್ತೆ, ಇಪ್ಪತ್ತಡಿ ಕ್ರಾಸಲ್ಲಿ ಎರಡೂ ಕಡೆ ಕಾರ್ ನಿಂತಿದ್ರೆ ಅಕ್ಕಪಕ್ಕದ ಮನೆಯವ್ರೆಲ್ಲಾ ಹೊರಗೆ ಬಂದು ಡೈರೆಕ್ಷನ್ ಕೊಡ್ತಾರೆ, ಒಬ್ಬೊಬ್ರದ್ದು ಒಂದೊಂದು.