ಚಿಕನ್ ನೂಡಲ್ಸ್‌ಗೆ ಕಾರ್ಬನ್ ಸ್ಟೀಲ್ ವೋಕ್: ಬಳಸಿ ನೋಡಿದ ಮೇಲೆ

ಕೋಳಿಮಾಂಸ ಮತ್ತು ತರಕಾರಿ ಹಾಕಿ ಚೀನೀ ಬಗೆಯಲ್ಲಿ ಹುರಿದ ನೂಡಲ್ಸನ್ನು ಮನೆಯಲ್ಲಿ ಮಾಡುವವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಹೋಟೆಲಿನಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಂಡಿರುವ ನೂಡಲ್ಸ್ ಮನೆಯಲ್ಲಿ ಮುದ್ದೆಯಾಗುತ್ತದೆ, ಎಲೆಕೋಸು ನೀರು ಬಿಟ್ಟುಕೊಳ್ಳುತ್ತದೆ, ಮಾಂಸ ಬೆಂದಿರುತ್ತದೆಯೇ ಹೊರತು ಹುರಿದಿರುವುದಿಲ್ಲ. ಈ ತೊಂದರೆಗೆ ಪರಿಹಾರವೆಂಬಂತೆ ಪಾತ್ರೆ ಅಂಗಡಿಗಳಲ್ಲಿಯೂ ಆನ್‌ಲೈನ್ ಮಳಿಗೆಗಳಲ್ಲಿಯೂ ಈಗ ಸಿಗುತ್ತಿರುವ ಕಾರ್ಬನ್ ಸ್ಟೀಲ್ ವೋಕ್ (ಚೀನೀ ಬಾಣಲೆ) ಒಂದನ್ನು ಕೆಲವು ತಿಂಗಳುಗಳಿಂದ ಬಳಸುತ್ತಿದ್ದೇನೆ. ಬಾಯಿಯ ಅಗಲ 32 ಸೆಂ.ಮೀ., ಲೋಹದ ದಪ್ಪ 1.6 ಮಿ.ಮೀ., ಚಪ್ಪಟೆ ತಳ, ಉದ್ದನೆಯ ಮರದ ಹಿಡಿಕೆ. ಬೆಲೆ 2,000 ರೂಪಾಯಿಯ ಆಸುಪಾಸು. ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದು ಹೇಳಬಲ್ಲೆ, ಆದರೆ ಈ ಮಾತು ಒಮ್ಮೆಗೆ ಇಬ್ಬರಿಗಾಗುವಷ್ಟನ್ನೇ ಹುರಿಯಲು ಸಿದ್ಧರಿರುವವರಿಗೆ ಮಾತ್ರ ಅನ್ವಯಿಸುತ್ತದೆ.

ಕಾರ್ಬನ್ ಸ್ಟೀಲ್ ಬಹುಮಟ್ಟಿಗೆ ಕಬ್ಬಿಣವೇ; ಅದರಲ್ಲಿರುವ ಇಂಗಾಲ ಸಾಮಾನ್ಯವಾಗಿ ಶೇ. 1ರಷ್ಟು ಅಥವಾ ಅದಕ್ಕಿಂತ ಕಡಿಮೆ. ಎರಕದ ಕಬ್ಬಿಣದಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚಿರುವುದರಿಂದ ಅದು ಪೆಡಸು. ಹಾಗಾಗಿ ನಮ್ಮಲ್ಲಿ ಸಿಗುವ ಎರಕದ ಬಾಣಲೆಗಳು ದಪ್ಪವಾಗಿಯೂ ಭಾರವಾಗಿಯೂ ಇರುತ್ತವೆ, ನಿಧಾನವಾಗಿ ಕಾಯುತ್ತವೆ, ಒಲೆ ಆರಿಸಿದ ಮೇಲೂ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತವೆ. ಈ ವೋಕ್ ತೆಳ್ಳಗಿರುವುದರಿಂದ ಉರಿಯ ಏರಿಳಿತಕ್ಕೆ ಕೂಡಲೇ ಸ್ಪಂದಿಸುತ್ತದೆ. ನಾನ್‌ಸ್ಟಿಕ್ ಪಾತ್ರೆಯೂ ಹಗುರವೇ ಆಗಿದ್ದರೂ ಅದರ ಲೇಪವನ್ನು 260 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಬಾರದು, ಖಾಲಿ ಪಾತ್ರೆಯಂತೂ ದೊಡ್ಡ ಉರಿಯಲ್ಲಿ ಆ ಮಿತಿಯನ್ನು ಬೇಗನೆ ದಾಟಿಬಿಡುತ್ತದೆ. ಎಣ್ಣೆ ಹೊಗೆಯಾಡುವ ತನಕ ಕಾಯಿಸಬೇಕಾದ ಅಡುಗೆಗೆ ನಾನ್‌ಸ್ಟಿಕ್ ತಕ್ಕುದಲ್ಲ.

ಕೊಂಡು ತಂದ ದಿನವೇ ಇದರಲ್ಲಿ ಅಡುಗೆ ಮಾಡಲಾಗದು. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ಲೇಪವನ್ನು ಮೊದಲು ಬಿಸಿನೀರು, ಸಾಬೂನು ಮತ್ತು ಸ್ಟೀಲ್ ನಾರಿನಿಂದ ಉಜ್ಜಿ ತೆಗೆಯಬೇಕು. ಆಮೇಲೆ ಪಾತ್ರೆಯನ್ನು ಒಲೆಯ ಮೇಲೆ ತಿರುಗಿಸುತ್ತ ಬೂದು ಬಣ್ಣ ನೀಲಿಗೆ ತಿರುಗುವವರೆಗೆ ಕಾಯಿಸಿ, ಬಹಳ ತೆಳುವಾಗಿ ಎಣ್ಣೆ ಸವರಿ, ಹೊಗೆ ನಿಲ್ಲುವ ತನಕ ಬಿಡಬೇಕು. ಎಣ್ಣೆ ಸವರುವ ಈ ಕೆಲಸವನ್ನು ಮೂರು ನಾಲ್ಕು ಸಲ ಮಾಡಿದರೆ ಎಣ್ಣೆ ಲೋಹಕ್ಕೆ ಅಂಟಿಕೊಂಡು ಗಟ್ಟಿಯಾದ ಕಪ್ಪು ಪೊರೆಯಾಗುತ್ತದೆ. ದೋಸೆ ಕಾವಲಿಯನ್ನು ಪಳಗಿಸಿ ಗೊತ್ತಿರುವ ಮನೆಗಳಿಗೆ ಇದೇನೂ ಹೊಸ ವಿದ್ಯೆಯಲ್ಲ. ಹೊಗೆ ಮಾತ್ರ ಸಾಕಷ್ಟು ಬರುತ್ತದೆ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಪೆಟ್ಟಿಗೆಯೊಳಗಿದ್ದ ಸೂಚನಾ ಚೀಟಿಯಲ್ಲಿ ಇಷ್ಟೆಲ್ಲವನ್ನೂ ಎರಡು ಸಾಲಿನಲ್ಲಿ ಮುಗಿಸಿದ್ದರು, ಲೇಪ ತೆಗೆಯುವ ಮಾತೇ ಅದರಲ್ಲಿರಲಿಲ್ಲ. ತಯಾರಕರ ಈ ಉದಾಸೀನ ಕ್ಷಮಾರ್ಹವಲ್ಲ.

ಇನ್ನು ಅಡುಗೆಯ ವಿಷಯ. ಗ್ವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಅಡುಗೆಯವರು ‘ವೋಕ್ ಹೇ’ ಎಂದು ಕರೆಯುವ, ತುಸು ಹೊಗೆ ಬೆರೆತ ಘಮ ಬರುವುದು ಪಾತ್ರೆಯೊಂದರಿಂದಲೇ ಅಲ್ಲ. ಅಲ್ಲಿನ ಹೋಟೆಲುಗಳ ಒಲೆಗಳು ಮನೆಯ ಒಲೆಗಿಂತ ಹತ್ತು ಪಟ್ಟಿಗೂ ಮಿಕ್ಕ ಶಾಖ ಕೊಡಬಲ್ಲವು. ಪದಾರ್ಥವನ್ನು ಮೇಲಕ್ಕೆ ಹಾರಿಸಿದಾಗ ಎಣ್ಣೆಯ ಹನಿಗಳಿಗೆ ಬೆಂಕಿ ತಗುಲಿ ಉರಿಯುತ್ತದೆ. ನಮ್ಮ ಸಿಲಿಂಡರ್ ಒಲೆಯ ದೊಡ್ಡ ಬರ್ನರ್ ಇದಕ್ಕೆ ಸಮನಾಗದು, ಯಾವ ವೋಕ್ ಕೊಂಡರೂ ಆಗದು. ಲೆಕ್ಕ ಹಾಕಿ ನೋಡಿದರೆ ತೊಡಕು ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಕುದಿಯುವ ಹಂತದಲ್ಲಿರುವ 100 ಗ್ರಾಂ ನೀರು ಪೂರ್ತಿ ಆವಿಯಾಗಲು ಸುಮಾರು 226 ಕಿಲೋಜೌಲ್ ಶಾಖ ಬೇಕು. ಪಾತ್ರೆಗೆ 2 ಕಿಲೋವಾಟ್ ಶಾಖ ಒಂದಿಷ್ಟೂ ಪೋಲಾಗದೆ ತಲುಪುತ್ತದೆಂದು ಇಟ್ಟುಕೊಂಡರೂ ಇದಕ್ಕೆ ಎರಡು ನಿಮಿಷ ಹತ್ತಿರವಾಗುತ್ತದೆ. ವಾಸ್ತವದಲ್ಲಿ ಇನ್ನೂ ಹೆಚ್ಚು. ತೊಳೆದ ತರಕಾರಿಯನ್ನು ಒದ್ದೆಯಾಗಿಯೇ ಸುರಿದರೆ, ಅಥವಾ ನಾಲ್ವರ ಪಾಲನ್ನು ಒಟ್ಟಿಗೆ ಹಾಕಿದರೆ, ಉರಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗಿ, ಆ ಹೊತ್ತಿಗೆ ಎಲ್ಲವೂ ಬೆಂದು ಮೆತ್ತಗಾಗಿರುತ್ತದೆ. ಪಾತ್ರೆ ಬದಲಾಯಿಸಿದ್ದಕ್ಕಿಂತ ತರಕಾರಿಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿದ್ದೇ ನನ್ನ ನೂಡಲ್ಸ್‌ನಲ್ಲಿ ಹೆಚ್ಚಿನ ಸುಧಾರಣೆ ತಂದಿತು ಎಂಬುದನ್ನು, ವಸ್ತುವಿನ ವಿಮರ್ಶೆಯಾದರೂ, ಇಲ್ಲಿ ದಾಖಲಿಸಲೇಬೇಕು.

ಈ ಮಿತಿಯೊಳಗೆ ವೋಕ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಮೂಳೆಯಿಲ್ಲದ 250 ಗ್ರಾಂ ತೊಡೆಮಾಂಸವನ್ನು ಎಳೆಗಳಿಗೆ ಅಡ್ಡಲಾಗಿ ತೆಳ್ಳಗೆ ಸೀಳಿ, ಒಂದೊಂದು ಚಮಚ ಸೋಯಾ ಸಾಸ್, ಕಾರ್ನ್‌ಫ್ಲೋರ್, ಎಣ್ಣೆ ಬೆರೆಸಿ ಇಪ್ಪತ್ತು ನಿಮಿಷ ಇಡುತ್ತೇನೆ. ಈ ತೆಳು ಲೇಪ ಮಾಂಸದ ರಸವನ್ನು ಹಿಡಿದಿಟ್ಟು ಅದನ್ನು ಮೆದುವಾಗಿರಿಸುತ್ತದೆ. ಖಾಲಿ ವೋಕ್ ಹೊಗೆಯಾಡುವ ತನಕ ಕಾಯಿಸಿ, ಎಣ್ಣೆ ಹಾಕಿ ಸುತ್ತ ಹರಡಿ, ಮಾಂಸವನ್ನು ಒಂದೇ ಪದರವಾಗಿ ಹರವಿ ಅರ್ಧ ನಿಮಿಷ ಮುಟ್ಟದೆ ಬಿಟ್ಟರೆ ತಳ ಹಿಡಿಯದೆ ತಾನಾಗಿ ಬಿಟ್ಟುಕೊಳ್ಳುತ್ತದೆ, ಅಂಚಿನಲ್ಲಿ ಕಂದು ಬಣ್ಣವೂ ಬರುತ್ತದೆ. ಹಿಂದಿನ ಸ್ಟೀಲ್ ಬಾಣಲೆಯಲ್ಲಿ ಕಾರ್ನ್‌ಫ್ಲೋರ್ ಹಚ್ಚಿದ ಮಾಂಸ ಅಂಟಿಕೊಳ್ಳದೆ ಇದ್ದುದೇ ಇಲ್ಲ. ಮಾಂಸವನ್ನು ತೆಗೆದಿಟ್ಟು ಬೆಳ್ಳುಳ್ಳಿ, ಕ್ಯಾರೆಟ್, ಹುರುಳಿಕಾಯಿ, ಎಲೆಕೋಸು ಹುರಿದು, ಮುಕ್ಕಾಲು ಬೇಯಿಸಿ ತಣ್ಣೀರಿನಲ್ಲಿ ತೊಳೆದು ಆರಲು ಹರವಿದ್ದ ನೂಡಲ್ಸ್ ಸೇರಿಸುವಾಗ ಅಗಲವಾದ, ಇಳಿಜಾರಾದ ಗೋಡೆಗಳ ಉಪಯೋಗ ತಿಳಿಯುತ್ತದೆ: ಏನೂ ಹೊರಗೆ ಚೆಲ್ಲದಂತೆ ಮಗುಚಬಹುದು, ಸೋಯಾ ಸಾಸನ್ನು ಕಾದ ಗೋಡೆಯ ಮೇಲಿಂದ ಇಳಿಬಿಟ್ಟರೆ ಚುರ್ ಎಂದು ತುಸು ಕರಕಲು ವಾಸನೆ ಹಿಡಿದು ಕೆಳಗಿಳಿಯುತ್ತದೆ. ಕಪ್ಪು ಸೋಯಾ ಸಾಸ್ ಅರ್ಧ ಚಮಚ ಸಾಕು, ಬೇರೆ ಬಣ್ಣ ಬೇಕಿಲ್ಲ. ಈರುಳ್ಳಿ ಸೊಪ್ಪನ್ನು ಒಲೆ ಆರಿಸುವ ಮೊದಲು ಹಾಕುತ್ತೇನೆ.

ನೂಡಲ್ಸನ್ನು ರೊಟ್ಟಿಯಂತೆ ಎರಡೂ ಬದಿ ಗರಿಗರಿಯಾಗಿ ಹುರಿದು, ಅದರ ಮೇಲೆ ಕೋಳಿಮಾಂಸದ ಮಂದ ರಸ ಸುರಿಯುವ ಹಾಂಗ್‌ಕಾಂಗ್‌ನ ಕ್ರಮವನ್ನೂ ಪ್ರಯತ್ನಿಸಿದೆ. ಚಪ್ಪಟೆ ತಳ ಇಲ್ಲಿ ವರವೇ ಆಯಿತು.

ಆದರೆ ಗ್ಯಾಸ್ ಒಲೆಗೆ ಚಪ್ಪಟೆ ತಳ ಅಗತ್ಯವೇನಲ್ಲ. ಗುಂಡು ತಳದ ಬಾಣಲೆ ನಮ್ಮ ಒಲೆಗಳ ಮೇಲೆ ಬಹುಮಟ್ಟಿಗೆ ಅಲುಗಾಡದೆ ಕೂರುತ್ತದೆ. ಸಮತಟ್ಟು ಬೇಕಿರುವುದು ಇಂಡಕ್ಷನ್ ಒಲೆ ಬಳಸುವವರಿಗೆ. ಹಿಡಿಕೆಯ ಬಗ್ಗೆಯೂ ನನ್ನ ತಕರಾರಿದೆ. ಉತ್ತರ ಚೀನಾದ ವೋಕ್‌ಗಳಿಗೆ ಒಂದೇ ಉದ್ದ ಹಿಡಿಕೆ, ದಕ್ಷಿಣದ ಕ್ಯಾಂಟನೀಸ್ ವೋಕ್‌ಗಳಿಗೆ ನಮ್ಮ ಬಾಣಲೆಯಂತೆಯೇ ಎರಡು ಕಿವಿಗಳು. ಇದರ ಉದ್ದ ಹಿಡಿಕೆ ಎರಡು ಬರ್ನರಿನ ಒಲೆಯಲ್ಲಿ ಕಟ್ಟೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಇದು ಅಪಾಯ. ತುಂಬಿದ ಪಾತ್ರೆಯನ್ನು ಒಂದೇ ಕೈಯಲ್ಲಿ ಎತ್ತಿ ಬಗ್ಗಿಸುವುದೂ ಸುಲಭವಲ್ಲ, ಎದುರು ಬದಿಗೆ ಒಂದು ಪುಟ್ಟ ಕಿವಿಯನ್ನಾದರೂ ಕೊಡಬೇಕಿತ್ತು. ಹಿಡಿಕೆಯ ಸ್ಕ್ರೂ ಆಗಾಗ ಸಡಿಲವಾಗುತ್ತದೆ.

ತೊಳೆಯಲು ಬಿಸಿನೀರು ಮತ್ತು ತೆಂಗಿನ ನಾರು ಸಾಕು. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ ಒಂದು ಹನಿ ಎಣ್ಣೆ ಸವರದಿದ್ದರೆ ಮರುದಿನಕ್ಕೆ ತುಕ್ಕು ಕಾಣಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಇನ್ನೂ ಬೇಗ. ಹುಣಸೆಹುಳಿ, ಟೊಮೆಟೊ, ವಿನೆಗರ್ ಹೆಚ್ಚು ಹೊತ್ತು ಕುದಿದರೆ ಪಳಗಿದ ಪೊರೆ ಕಳಚುತ್ತದೆ, ಹಾಗಾಗಿ ಇದರಲ್ಲಿ ಗೊಜ್ಜು, ಸಾರು ಮಾಡುವ ಹಾಗಿಲ್ಲ. ನೂಡಲ್ಸ್‌ಗೆ ವಿನೆಗರ್ ಬೇಕೆನ್ನುವವರು ಕೊನೆಯಲ್ಲಿ, ತಟ್ಟೆಗೆ ಬಡಿಸಿದ ಮೇಲೆ ಹಾಕಿಕೊಳ್ಳಬಹುದು. ಪಾತ್ರೆ ತೊಳೆಯಲು ಬೇರೆಯವರನ್ನು ಇಟ್ಟುಕೊಂಡಿರುವ ಮನೆಗಳಲ್ಲಿ ಇದನ್ನು ಸಿಂಕಿನಿಂದ ದೂರವಿಡುವುದು ಕ್ಷೇಮ.

ತೆಳು ಕಬ್ಬಿಣದ, ಚೆನ್ನಾಗಿ ಪಳಗಿದ ಅಗಲ ಬಾಣಲೆ ಈಗಾಗಲೇ ಮನೆಯಲ್ಲಿದ್ದರೆ ಇದನ್ನು ಕೊಳ್ಳುವ ಅವಶ್ಯಕತೆ ಕಾಣುವುದಿಲ್ಲ. ಕೆಲಸ ಹೆಚ್ಚುಕಡಿಮೆ ಒಂದೇ. ನಾನ್‌ಸ್ಟಿಕ್ ಅಥವಾ ಸ್ಟೀಲ್ ಪಾತ್ರೆಯಲ್ಲೇ ನೂಡಲ್ಸ್ ಮಾಡುತ್ತಿರುವವರು ಕೊಳ್ಳಬಹುದು, ಎರಡು ಕಿವಿಯ ಮಾದರಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಬೇಕು. 36 ಸೆಂ.ಮೀ. ವೋಕ್ ಕೊಂಡರೆ ನಾಲ್ವರಿಗೆ ಒಟ್ಟಿಗೆ ಮಾಡಬಹುದೆಂದು ಅಂಗಡಿಯವರು ಹೇಳುವುದುಂಟು. ಅದನ್ನು ಕಾಯಿಸುವಷ್ಟು ಉರಿ ಮನೆಯ ಬರ್ನರಿಗಿಲ್ಲ.