ಹಳೇ ಅಡುಗೆ ಪುಸ್ತಕ: ಮೊದಲ ಮುದ್ರಣವೋ, ಎಣ್ಣೆ ಕಲೆಯ ಪ್ರತಿಯೋ?

ಹಳೇದು ಅಂದ ಮಾತ್ರಕ್ಕೆ ಬೆಲೆ ಜಾಸ್ತಿ ಇರಲ್ಲ. ಲಕ್ಷಗಟ್ಟಲೆ ಅಚ್ಚಾದ ಪುಸ್ತಕ ಎಷ್ಟು ಹಳೆಯದಾದರೂ ಸುಲಭವಾಗಿ ಸಿಗುತ್ತದೆ. ಅಮೆರಿಕದ ‘ಜಾಯ್ ಆಫ್ ಕುಕಿಂಗ್’ ನೋಡಿ. 1931ರಲ್ಲಿ ಲೇಖಕಿ ಸ್ವಂತ ದುಡ್ಡು ಹಾಕಿ ಅಚ್ಚು ಮಾಡಿಸಿದ್ದು 3,000 ಪ್ರತಿ ಮಾತ್ರ. ಸಂಗ್ರಾಹಕರು ಹುಡುಕುವುದು ಅದನ್ನೇ. ಆಮೇಲಿನ ಮುದ್ರಣಗಳು ಬೇಕಾದಷ್ಟಿವೆ.

ದುಡ್ಡಿನ ಲೆಕ್ಕವಿದ್ದರೆ ಮೊದಲ ಮುದ್ರಣದ ಚೊಕ್ಕ ಪ್ರತಿಯೇ ಸರಿ. ಹಕ್ಕುಸ್ವಾಮ್ಯದ ಪುಟದಲ್ಲಿ ಎಷ್ಟನೇ ಮುದ್ರಣ ಅಂತ ನೋಡಿ. ಹೊರಗಿನ ಕಾಗದದ ಹೊದಿಕೆ ಇದೆಯಾ? ಅಡುಗೆಮನೆಯಲ್ಲಿ ಮೊದಲು ಹರಿದುಹೋಗುವುದೇ ಅದು. ಹಾಗಾಗಿ ಹೊದಿಕೆ ಉಳಿದಿದ್ದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಕೊನೆಯ ಪದಸೂಚಿಯ ಪುಟಗಳನ್ನೂ ಎಣಿಸಿ, ಅವು ಸುಮ್ನೆ ಉದುರಿಹೋಗಿರುತ್ತವೆ. ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ. ಬೂಷ್ಟು ಪಕ್ಕದ ಪುಸ್ತಕಗಳಿಗೂ ಹಬ್ಬುತ್ತದೆ.

ಬಳಸಿದ ಪ್ರತಿಯ ಕಥೆಯೇ ಬೇರೆ. ಕೈಗೆತ್ತಿಕೊಂಡರೆ ತಾನಾಗಿ ಒಂದು ಪುಟಕ್ಕೆ ತೆರೆದುಕೊಳ್ಳುತ್ತದೆ. ಅಲ್ಲಿ ಬೆಣ್ಣೆಯ ಕಲೆ, ಅಂಚಿನಲ್ಲಿ ಪೆನ್ಸಿಲಲ್ಲಿ "ಸಕ್ಕರೆ ಅರ್ಧ ಸಾಕು". ಮಾರುವವರ ಲೆಕ್ಕದಲ್ಲಿ ಇದು ದೋಷ. ನನಗಂತೂ ಇಂಥ ಪುಟ ಸಿಕ್ಕರೆ ಹಬ್ಬ! ಒಳಗೆ ಪತ್ರಿಕೆಯ ತುಣುಕು ಸಿಕ್ಕರೆ ಮಾತ್ರ ಹೊರಗೆ ತೆಗೆದಿಡಿ. ಅಗ್ಗದ ಕಾಗದದ ಆಮ್ಲ ಪುಟದ ಮೇಲೆ ಕಂದು ಗುರುತು ಬಿಡುತ್ತದೆ.

ಮುಂದೆ ಮಾರುವ ಯೋಚನೆ ಇದ್ದವರು ಒಂದೇ ಒಂದು ಒಳ್ಳೆ ಪ್ರತಿಗೆ ಕಾಯಿರಿ. ಓದಿ, ಅಡುಗೆ ಮಾಡುವವರಾದರೆ ಕಲೆಯ ಪ್ರತಿಗಳನ್ನೇ ಹತ್ತು ತಗೊಳ್ಳಿ.