ಹಾಯಿನೀರಿನ ಕಬ್ಬು, ಹನಿನೀರಿನ ಕಬ್ಬು: ಒಂದೇ ಹೊಲದ ಎರಡು ಲೆಕ್ಕ

ಘಟಪ್ರಭೆಯ ದಂಡೆಯ ಮುಧೋಳ ಸೀಮೆಯಲ್ಲಿ ಕಬ್ಬು ಬೇಕೇ ಬೇಡವೇ ಎಂಬ ಚರ್ಚೆ ಈಗ ಹೆಚ್ಚು ಉಳಿದಿಲ್ಲ, ಕಾರ್ಖಾನೆಗಳು ಹತ್ತಿರದಲ್ಲಿವೆ. ಆದುದರಿಂದ ನಾನು ಹೋಲಿಸಿ ನೋಡಿದ್ದು ಅದನ್ನು ಬೆಳೆಯುವ ಎರಡು ರೀತಿಗಳನ್ನು. ನಮ್ಮ ಎರೆಹೊಲದ ಒಂದು ಭಾಗದಲ್ಲಿ ರೂಢಿಯಂತೆ ಸಾಲಿಗೆ ನೀರು ಹಾಯಿಸಿ, ಕಟಾವಿನ ನಂತರ ಉಳಿಯುವ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದೆವು; ಪಕ್ಕದ ಭಾಗದಲ್ಲಿ ಹನಿ ನೀರಾವರಿ ಮಾಡಿ, ರವದಿಯನ್ನು ಸಾಲುಗಳ ನಡುವೆ ಹಾಸಿದೆವು.

ಮೊದಲ ವರ್ಷದ ಹಣದ ಲೆಕ್ಕದಲ್ಲಿ ಹಾಯಿನೀರೇ ಮುಂದಿತ್ತು. ಪೈಪು, ಫಿಲ್ಟರುಗಳ ವೆಚ್ಚವಿರಲಿಲ್ಲ. ಇಳುವರಿಯಲ್ಲಿಯೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಶೇ. 10.25 ಸಕ್ಕರೆ ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ. ಈ ದರ ತೂಕವನ್ನೂ ಸಕ್ಕರೆಯ ಅಂಶವನ್ನೂ ನೋಡುತ್ತದೆಯೇ ಹೊರತು, ಎಷ್ಟು ನೀರು ಹೋಯಿತು, ಮಣ್ಣು ಏನಾಯಿತು ಎಂದು ಕೇಳುವುದಿಲ್ಲ.

ಕಬ್ಬಿನ ಒಂದು ಬೆಳೆಗೆ 1,500ರಿಂದ 2,500 ಮಿ.ಮೀ. ನೀರು ಬೇಕು, ಬಾಗಲಕೋಟೆ ಜಿಲ್ಲೆಯ ವಾಡಿಕೆ ಮಳೆ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಉಳಿದುದನ್ನು ಕಾಲುವೆಯಿಂದಲೋ ಕೊಳವೆಬಾವಿಯಿಂದಲೋ ತಂದು ಧಾರಾಳವಾಗಿ ಹಾಯಿಸಿದಾಗ, ಜಿಗುಟಾದ ಎರೆಮಣ್ಣಿನಲ್ಲಿ ಅದು ಬೇಗ ಬಸಿದುಹೋಗದೆ ನೆಲದೊಳಗಿನ ನೀರಿನ ಮಟ್ಟವನ್ನು ಮೇಲೆತ್ತುತ್ತದೆ. ಆ ನೀರು ಬಿಸಿಲಿಗೆ ಆವಿಯಾಗಿ ಹೋದ ಮೇಲೆ ಲವಣ ಮಾತ್ರ ಉಳಿದು ನೆಲ ಸವಳಾಗುತ್ತದೆ. ಹಾಯಿನೀರಿನ ಭಾಗದ ತಗ್ಗಿನ ಮೂಲೆಯಲ್ಲಿ ಬೇಸಿಗೆಗೆ ಬಿಳಿ ಪದರ ಕಾಣಿಸಿತು, ಅಲ್ಲಿ ಕುಳೆ, ಅಂದರೆ ಕಟಾವಾದ ಬುಡದಿಂದ ಮತ್ತೆ ಬರುವ ಬೆಳೆ, ಸರಿಯಾಗಿ ಚಿಗುರಲೇ ಇಲ್ಲ. ಸವಳನ್ನು ಸರಿಪಡಿಸುವ ಖರ್ಚನ್ನು ಕಳೆಯದೆ ಲಾಭವೆಂದು ಬರೆದುಕೊಳ್ಳುವುದನ್ನು ನಾನು ಒಪ್ಪಲಾರೆ, ಏಕೆಂದರೆ ಆ ಹಣ ಮುಂದಿನ ಪೀಳಿಗೆಯ ಹೊಲದಿಂದ ಬಂದದ್ದು.

ರವದಿ ಸುಟ್ಟರೆ ಅದರೊಳಗಿನ ಸಾರಜನಕದ ಬಹುಪಾಲು ಹೊಗೆಯೊಡನೆ ಹೋಗುತ್ತದೆ. ಅದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ಕೊಳ್ಳಬೇಕು. ಹಾಸಿದ ಕಡೆ ತೇವ ಉಳಿಯಿತು, ಕಳೆಯೂ ತಗ್ಗಿತು. ಆದರೆ ಒಣ ರವದಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಆರಂಭದಲ್ಲಿ ಕುಳೆ ಹಳದಿಗಟ್ಟಿತು, ಸ್ವಲ್ಪ ಯೂರಿಯಾ ಹಾಕಬೇಕಾಯಿತು. ಇಲಿಗಳು ಪೈಪು ಕಡಿದವು, ಗಡಸು ನೀರಿಗೆ ಡ್ರಿಪ್ಪರುಗಳು ಕಟ್ಟಿಕೊಂಡವು.

ಇಷ್ಟೆಲ್ಲ ತೊಂದರೆಯಿದ್ದರೂ ಕುಳೆಯ ವರ್ಷ ಹನಿನೀರಿನ ಭಾಗವೇ ಮುಂದಾಯಿತು. ಆದಕಾರಣ ಹಾಯಿನೀರಿನ ಕಡೆಯ ಎತ್ತರದ ಭಾಗವನ್ನೂ ಹನಿ ನೀರಾವರಿಗೆ ತರುತ್ತಿದ್ದೇನೆ. ತಗ್ಗಿನ ಮೂಲೆಗೆ ಅಷ್ಟೇ ಸಾಲದು. ಅಲ್ಲಿ ಮೊದಲು ಬಸಿಗಾಲುವೆ ತೆಗೆಸಬೇಕು, ಆಮೇಲೆ ಮಣ್ಣು ಪರೀಕ್ಷೆಯಲ್ಲಿ ಕ್ಷಾರ ಕಂಡುಬಂದರೆ ಮಾತ್ರ ಜಿಪ್ಸಂ ಹಾಕಬೇಕು.